ಕೂತೋ, ನಿಂತೋ?

ಕೂರುವುದು, ನಿಲ್ಲುವುದು ಎಂಬ ಎರಡು ಕ್ರಿಯಾಪದಗಳಿಗೆ ಕನ್ನಡದಲ್ಲಿ ಇರುವ ಅರ್ಥಗಳನ್ನೆಲ್ಲ ಪಟ್ಟಿ ಮಾಡಿಕೊಂಡು ಬನ್ನಿ ಎಂದರೆ ನಮ್ಮ ಎಂಟನೆಯ ತರಗತಿಯ ಮಕ್ಕಳಿಗೆ ಒಂದು ವಾರದ ಮನೆಗೆಲಸವಾದೀತು. ಶೀತವಾದರೆ ಗಂಟಲು ಕೂರುತ್ತದೆ. ತಿಂಗಳಲ್ಲಿ ಮೂರು ದಿನ ನಮ್ಮ ಅಜ್ಜಿಯ ಕಾಲದ ಹೆಂಗಸರು ಹೊರಗೆ ಕೂರುತ್ತಿದ್ದರು. ಬೆಳೆದು ನಿಂತ ಮಗಳು ಮನೆಯಲ್ಲಿದ್ದರೆ ತಂದೆತಾಯಿಗೆ ನಿಂತಲ್ಲಿ ನಿಲ್ಲಲಾಗುವುದಿಲ್ಲ. ನಾನು ಪಾಠ ಹೇಳುವ ಹೊಳೆನರಸೀಪುರದಲ್ಲಂತೂ ‘ಈ ಸಲ ಯಾರು ನಿಲ್ತಾರೆ?’ ಎಂದು ಕೇಳಿದರೆ ಅದು ಚುನಾವಣೆಯ ಮಾತೇ ಹೊರತು ಬಸ್ಸಿನ ಮಾತಲ್ಲ. ಇನ್ನು ಸಂಗೀತದವರ ಲೆಕ್ಕವೇ ಬೇರೆ. ಅವರಿಗೆ ಶ್ರುತಿ ನಿಲ್ಲಬೇಕು, ಕೈ ಕೂರಬೇಕು. ಶ್ರುತಿ ಕೂತರೂ ಕಷ್ಟ, ಕೈ ನಿಂತರೂ ಕಷ್ಟ.

ಆದರೆ ನುಡಿಸುವವರು ಕೂರಬೇಕೋ, ನಿಲ್ಲಬೇಕೋ? ಹಾರ್ಮೋನಿಯಂ ಆಗಲಿ, ಈಗಿನ ಕೀಬೋರ್ಡ್ ಆಗಲಿ, ಬಿಳಿ ಮನೆ ಕರಿ ಮನೆಗಳ ಮೇಲೆ ಬೆರಳಾಡಿಸುವವರನ್ನು ವೇದಿಕೆಯ ಮೇಲೆ ಹೇಗೆ ಇರಿಸಬೇಕು ಎನ್ನುವ ವಿಚಾರ ದೊಡ್ಡದೇನಲ್ಲ ಎಂದು ನೀವು ಅನ್ನಬಹುದು. ಅದರ ಮೇಲೆಯೇ ನಮ್ಮ ಹಾಸನದ ಬಡಾವಣೆಯ ಭಜನಾ ಮಂಡಳಿ ಒಡೆದು ಎರಡಾಗುವುದರಲ್ಲಿತ್ತು ಎಂದರೆ ನಂಬುವಿರಾ? ಆ ಕಥೆಗೆ ಆಮೇಲೆ ಬರುತ್ತೇನೆ. ಮೊದಲು ಪೆಟ್ಟಿಗೆಯ ಕಥೆ.

ಹಾರ್ಮೋನಿಯಂ ನಮ್ಮದಲ್ಲ, ಫ್ರೆಂಚರದ್ದು. 1840ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆ ಎನ್ನುವವನು ಅದಕ್ಕೆ ಹಕ್ಕುಪತ್ರ ಪಡೆದ. ಅಲ್ಲಿ ಅದು ಮೇಜಿನಷ್ಟು ಎತ್ತರದ ವಾದ್ಯ. ನುಡಿಸುವವರು ಕುರ್ಚಿಯ ಮೇಲೆ ಕೂತು ಎರಡು ಕಾಲಿನಿಂದಲೂ ತಿದಿ ಒತ್ತುತ್ತಾ, ಎರಡು ಕೈಯಿಂದಲೂ ನುಡಿಸಬೇಕು. ಪಾದ್ರಿಗಳ ಜೊತೆಯಲ್ಲೂ ದೊರೆಗಳ ಜೊತೆಯಲ್ಲೂ ಅದು ಹಡಗು ಹತ್ತಿ ನಮ್ಮ ದೇಶಕ್ಕೆ ಬಂತು. ಇಲ್ಲಿ ನೋಡಿದರೆ ನಾವು ಚಾಪೆಯ ಜನ. ಉಣ್ಣುವುದು ನೆಲದ ಮೇಲೆ, ಓದುವುದು ನೆಲದ ಮೇಲೆ, ಹಾಡುವುದೂ ನೆಲದ ಮೇಲೆ. ತಂಬೂರಿ, ವೀಣೆ, ಮೃದಂಗ ಎಲ್ಲವೂ ಚಕ್ಕಳಮಕ್ಕಳ ಹಾಕಿ ಕೂತವರ ಮೈಗೆ ಹೊಂದಿಕೊಂಡು ಹುಟ್ಟಿದ ವಾದ್ಯಗಳು. ಅವುಗಳ ನಡುವೆ ಕುರ್ಚಿಯ ಮೇಲೊಬ್ಬ ಕೂತರೆ ಪಂಕ್ತಿಯಲ್ಲಿ ಒಬ್ಬನೇ ಮೇಜಿನ ಮೇಲೆ ಎಲೆ ಹಾಕಿಸಿಕೊಂಡಂತೆ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷ್ ಎನ್ನುವವರು, ದ್ವಾರಕಿನ್ ಎಂಬ ಹೆಸರಿನ ವಾದ್ಯದ ಕಂಪನಿಯವರು, ಅದರ ಕಾಲು ತೆಗೆದು ಹಾಕಿದರು. ತಿದಿಯನ್ನು ಬೆನ್ನಿಗೆ ಕಟ್ಟಿ ಕೈಗೆ ಕೊಟ್ಟರು. ಎಡಗೈ ತಿದಿಗೆ, ಬಲಗೈ ಮನೆಗಳಿಗೆ. ಎರಡು ಕೈಯ ವಾದ್ಯ ಒಂದು ಕೈಯದಾಯಿತು. ನಮ್ಮ ಸಂಗೀತಕ್ಕೆ ರಾಗ ಒಂದೇ ಎಳೆಯಲ್ಲಿ ಸಾಗಿದರೆ ಸಾಕಾದ್ದರಿಂದ ಒಂದು ಕೈ ಧಾರಾಳವಾಯಿತು. ನಾವು ಕೂರುವ ರೀತಿಯನ್ನು ಬದಲಾಯಿಸಿಕೊಳ್ಳಲಿಲ್ಲ, ವಾದ್ಯವನ್ನೇ ಕೂರಿಸಿಬಿಟ್ಟೆವು! ಪರದೇಶದಿಂದ ಬಂದ ಸೊಸೆಗೆ ಮಣೆ ಹಾಕಿ ನೆಲದ ಮೇಲೆ ಊಟಕ್ಕೆ ಕೂರಿಸಿದ ಹಾಗೆ.

ಸೊಸೆಯ ಮೇಲೆ ಅತ್ತೆಯರಿಗೆ ಅಸಮಾಧಾನ ಇದ್ದೇ ಇತ್ತು. ಇವಳಿಗೆ ಗಮಕ ಬಾರದು, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲಾರಳು, ಕುಪ್ಪಳಿಸುತ್ತಾಳೆ ಎಂದು ದೂರು. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ಒಳಗೆ ಸೇರಿಸುವುದಿಲ್ಲ ಎಂದೇ ತೀರ್ಮಾನಿಸಿತು. ಆ ನಿಷೇಧ ಸಡಿಲವಾದದ್ದು 1971ರಲ್ಲಿ. ಮೂವತ್ತು ವರ್ಷ ರೇಡಿಯೋದ ಬಾಗಿಲ ಹೊರಗೆ ನಿಂತ ಈ ಪೆಟ್ಟಿಗೆ ಅಷ್ಟೂ ಕಾಲ ಭಜನೆಯ ಮನೆಗಳಲ್ಲಿ, ಹರಿಕಥೆಯ ಚಪ್ಪರಗಳಲ್ಲಿ, ನಾಟಕದ ರಂಗದ ಮುಂದೆ, ಹೆಣ್ಣು ನೋಡುವ ಶಾಸ್ತ್ರದ ಜಮಖಾನೆಯ ಮೇಲೆ ಸುಖವಾಗಿಯೇ ಕೂತಿತ್ತು.

ಹೆಣ್ಣು ನೋಡುವ ಶಾಸ್ತ್ರ ಎಂದೆನಲ್ಲ. ನನ್ನ ಚಿಕ್ಕಮ್ಮಂದಿರು ಮೂವರೂ ಹಾರ್ಮೋನಿಯಂ ಕಲಿತದ್ದು ಅದಕ್ಕೇ. ಅರಕಲಗೂಡಿನ ನಮ್ಮ ಮನೆಯ ನಡುಮನೆಯಲ್ಲಿ ಪೆಟ್ಟಿಗೆ ಇಟ್ಟು, ಅದರ ಹಿಂದೆ ಹುಡುಗಿಯನ್ನು ತಲೆ ತಗ್ಗಿಸಿ ಕೂರಿಸುತ್ತಿದ್ದರು. ಎರಡು ದೇವರನಾಮ, ಕೇಳಿದರೆ ಮೂರನೆಯದು. ಆಮೇಲೆ ಎದ್ದು ನಿಂತು ನಮಸ್ಕಾರ ಮಾಡಬೇಕು. ಆ ಏಳುವುದಿದೆಯಲ್ಲ, ಅದರಲ್ಲಿ ಗಂಡಿನ ತಾಯಿ ಕಾಲು ಸರಿಯಿದೆಯೋ, ಎತ್ತರ ಎಷ್ಟೋ ಎಲ್ಲ ಅಳೆದುಬಿಡುತ್ತಿದ್ದರು. ಕೂತು ನುಡಿಸಿದ್ದು ಕಿವಿಯ ಪರೀಕ್ಷೆ, ನಿಂತದ್ದು ಕಣ್ಣಿನ ಪರೀಕ್ಷೆ. ಮದುವೆಯಾದ ಮೇಲೆ ಮೂವರಲ್ಲಿ ಇಬ್ಬರ ಪೆಟ್ಟಿಗೆ ಅಟ್ಟ ಸೇರಿತು ಎನ್ನುವುದನ್ನು ಬೇರೆ ಹೇಳಬೇಕಾಗಿಲ್ಲ. ಮೂರನೆಯವರದು ನನ್ನ ಪಾಲಿಗೆ ಬಂತು.

ಅದೇ ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಡದ ಮೇಲೆ ರುದ್ರಪಟ್ಟಣವಿದೆ. ಸಂಗೀತಗಾರರ ಊರೆಂದೇ ಅದಕ್ಕೆ ಹೆಸರು. ಆರ್.ಕೆ. ಶ್ರೀಕಂಠನ್ ಅವರು 1920ರಲ್ಲಿ ಹುಟ್ಟಿದವರು, 2014ರಲ್ಲಿ ತೀರಿಕೊಂಡರು. ತೊಂಬತ್ತು ದಾಟಿದ ಮೇಲೂ ಅವರು ಕಚೇರಿ ಮಾಡಿದರು, ಅದೂ ನೆಲದ ಮೇಲೆ ನೆಟ್ಟಗೆ ಕೂತು. ಅಂಥವರನ್ನು ನೋಡಿದಾಗ ಕೂರುವುದೂ ಒಂದು ಸಾಧನೆ ಎನಿಸುತ್ತದೆ. ಬೆನ್ನು ನೆಟ್ಟಗಿದ್ದು ಸೊಂಟದ ಮೇಲೆ ಭಾರ ಸಮನಾಗಿ ಬಿದ್ದರೆ ಹೊಟ್ಟೆಯ ತಳದಿಂದ ಉಸಿರು ಸಲೀಸಾಗಿ ಬರುತ್ತದೆ. ಚೆನ್ನೈನ ಕೆ. ಸತ್ಯನಾರಾಯಣನ್ ಅವರು ಕೀಬೋರ್ಡಿನಲ್ಲೇ ಕರ್ನಾಟಕ ಸಂಗೀತ ನುಡಿಸುತ್ತಾರೆ. ಸ್ವರವನ್ನು ಜಾರಿಸುವುದಕ್ಕೆ ಆ ವಾದ್ಯದ ಎಡಗಡೆಯಲ್ಲಿ ಒಂದು ಪುಟ್ಟ ಚಕ್ರ ಇರುತ್ತದೆ, ಗಮಕವೆಲ್ಲ ಅದರಿಂದ. ಆ ಕೀಬೋರ್ಡನ್ನೂ ಅವರು ತಗ್ಗಿನಲ್ಲಿಟ್ಟುಕೊಂಡು ಚಕ್ಕಳಮಕ್ಕಳ ಹಾಕಿಯೇ ಕೂರುತ್ತಾರೆ. ಫ್ರೆಂಚರ ಪೆಟ್ಟಿಗೆಗೆ ಕಲ್ಕತ್ತೆಯಲ್ಲಿ ಆದದ್ದೇ ಇನ್ನೊಂದು ಸಲ ಆಯಿತು ನೋಡಿ.

ಹಾಗಾದರೆ ಕಾಲಿನ ಹಾರ್ಮೋನಿಯಂ ಎಲ್ಲಿಗೆ ಹೋಯಿತು? ನಮ್ಮ ಜಿಲ್ಲೆಯವರನ್ನು ಈ ಪ್ರಶ್ನೆ ಕೇಳಬೇಕಾಗಿಲ್ಲ. ಸುಗ್ಗಿ ಮುಗಿದ ಮೇಲೆ ಚನ್ನರಾಯಪಟ್ಟಣದ ಕಡೆಯ ಯಾವ ಊರಿಗೆ ಹೋದರೂ ‘ಕುರುಕ್ಷೇತ್ರ’ ನಾಟಕದ ಬ್ಯಾನರು ಕಟ್ಟಿರುತ್ತದೆ. ರಾಗಿ ಬೆಳೆಯುವವರು, ಆಲೂಗೆಡ್ಡೆ ಕೀಳುವವರು, ಕೆ.ಎಸ್.ಆರ್.ಟಿ.ಸಿ.ಯ ಕಂಡಕ್ಟರು, ನಮ್ಮಂಥ ಮೇಷ್ಟ್ರುಗಳು ಎಲ್ಲ ಸೇರಿ ದುರ್ಯೋಧನ, ಕರ್ಣ, ಶಕುನಿಯರಾಗುತ್ತಾರೆ. ಅವರಿಗೆಲ್ಲ ತಿಂಗಳುಗಟ್ಟಲೆ ಮಟ್ಟು ಹೇಳಿಕೊಟ್ಟು, ಮಾತು ಕಲಿಸಿ, ನಾಟಕದ ರಾತ್ರಿ ರಂಗದ ಮುಂದೆ ಕಾಲು ಪೆಟ್ಟಿಗೆಯ ಹಿಂದೆ ಕೂರುವವರೇ ಡ್ರಾಮಾ ಮೇಷ್ಟ್ರು. ರಾತ್ರಿ ಕೂತರೆ ಏಳುವುದು ಕೋಳಿ ಕೂಗಿದ ಮೇಲೆ. ಎರಡು ಕಾಲು ತಿದಿ ತುಳಿಯುತ್ತಲೇ ಇರಬೇಕು. ಎರಡು ಕೈಯೂ ಖಾಲಿ ಇರುವುದರಿಂದ ಒಂದರಲ್ಲಿ ನುಡಿಸುತ್ತಾ ಇನ್ನೊಂದರಲ್ಲಿ ಪಾತ್ರಧಾರಿಗೆ ‘ಬಾ, ಮುಂದಕ್ಕೆ ಬಾ’ ಎಂದು ಸನ್ನೆ ಮಾಡಬಹುದು. ಮಾತು ಮರೆತವನಿಗೆ ಪಲ್ಲವಿಯ ಮೊದಲ ಸ್ವರ ಹಿಡಿದು ದಾರಿ ತೋರಿಸಬಹುದು.

ನಮ್ಮ ದೊಡ್ಡಪ್ಪ ದುರ್ಯೋಧನನ ಪಾತ್ರ ಮಾಡುತ್ತಿದ್ದರು. ಕಂಠ ಜೋರು, ಶ್ರುತಿ ಮಾತ್ರ ಅವರಿಗೂ ಪಾಂಡವರಿಗೂ ಇದ್ದಷ್ಟೇ ಸ್ನೇಹ. ಅವರು ಒಂದು ಶ್ರುತಿಯಲ್ಲಿ ಹೊರಟು ಅರ್ಧ ಹಾಡಿನಲ್ಲಿ ಇನ್ನೊಂದಕ್ಕೆ ಏರಿದರೆ ಮೇಷ್ಟ್ರೂ ಪೆಟ್ಟಿಗೆಯ ಮೇಲೆ ಅರ್ಧ ಮನೆ ಜರುಗಿ ಕಾಪಾಡುತ್ತಿದ್ದರು. ‘ಒನ್ಸ್ ಮೋರ್’ ಬೀಳುತ್ತಿದ್ದದ್ದು ದೊಡ್ಡಪ್ಪನಿಗೆ. ಕಿರೀಟ ಹಾಕಿಕೊಂಡು ಗದೆ ಹಿಡಿದು ನಿಂತವರು ಅವರು. ನಾಟಕವನ್ನು ನಿಲ್ಲಿಸಿದವರು ಮಾತ್ರ ಕೂತವರು. ‘ನಿಲ್ಲಿಸಿದವರು’ ಎಂದರೆ ಬೀಳದಂತೆ ನಿಲ್ಲಿಸಿದವರು ಎಂದು ನಾನು ಹೇಳುತ್ತಿರುವುದು. ಈಗಲೂ ಹಾಸನಾಂಬ ಕಲಾಕ್ಷೇತ್ರದಲ್ಲಿ ಪೌರಾಣಿಕ ನಾಟಕ ಇದ್ದರೆ ನಾನು ಮುಂದಿನ ಸಾಲಿನಲ್ಲಿ ಒಂದು ಮೂಲೆ ಹಿಡಿದು ಕೂರುತ್ತೇನೆ, ಪಾತ್ರಧಾರಿಗಳಿಗಿಂತ ಮೇಷ್ಟ್ರ ಪಾದಗಳನ್ನು ನೋಡುವುದಕ್ಕೆ.

ಇಷ್ಟು ಹೊತ್ತೂ ಕೂತವರ ಪರವಾಗಿಯೇ ಮಾತಾಡಿದೆ. ನಿಂತವರದ್ದೂ ಒಂದು ಸಾಲಿದೆ. ಧನುರ್ಮಾಸದ ನಸುಕಿನಲ್ಲಿ ಬೀದಿ ಭಜನೆ ಬರುತ್ತಿದ್ದಾಗ ಪೆಟ್ಟಿಗೆಗೆ ಬಟ್ಟೆಯ ಪಟ್ಟಿ ಕಟ್ಟಿ ಕೊರಳಿಗೆ ನೇತುಹಾಕಿಕೊಂಡು ನಡೆಯುತ್ತಲೇ ನುಡಿಸುವವರಿದ್ದರು. ಅಮೆರಿಕದಲ್ಲಿ 1950ರ ದಶಕದಲ್ಲಿ ಲಿಟಲ್ ರಿಚರ್ಡ್, ಜೆರಿ ಲೀ ಲೂಯಿಸ್ ಎಂಬ ಇಬ್ಬರು ಪಿಯಾನೋದ ಮುಂದೆ ಎದ್ದು ನಿಂತು ನುಡಿಸಿಯೇ ಹೆಸರು ಮಾಡಿದರು. ಲೂಯಿಸ್ ಅಂತೂ ಆಸನವನ್ನು ಕಾಲಿನಿಂದ ಒದ್ದು ಹಿಂದಕ್ಕೆ ತಳ್ಳುತ್ತಿದ್ದ. ಪಿಯಾನೋಗೆ ಕೂರದೆ ವಿಧಿಯಿಲ್ಲ ಎಂದು ಇನ್ನೂರು ವರ್ಷ ನಂಬಿದ್ದವರಿಗೆ ಅದು ಎಂಥ ಅಪಚಾರವಾಗಿ ಕಂಡಿರಬೇಕು! ನಮ್ಮ ಬೇಲೂರಿನ ಮದನಿಕೆಯರನ್ನೇ ನೋಡಿ. ವಾದ್ಯ ಹಿಡಿದವರೂ ನಿಂತೇ ಇದ್ದಾರೆ, ಒಂಬತ್ತುನೂರು ವರ್ಷಗಳಿಂದ.

ನಮ್ಮ ಚನ್ನರಾಯಪಟ್ಟಣದಲ್ಲಿ 1939ರಲ್ಲಿ ಹುಟ್ಟಿದ ಸಿ. ಅಶ್ವತ್ಥ್ ಅವರನ್ನು ಮರೆಯಲಾಗುತ್ತದೆಯೇ? ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದುಕೊಂಡೇ ಸುಗಮ ಸಂಗೀತವನ್ನು ಮನೆಮನೆಗೆ ಮುಟ್ಟಿಸಿದವರು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದ ‘ಕನ್ನಡವೇ ಸತ್ಯ’ ಕಾರ್ಯಕ್ರಮದಲ್ಲಿ ಅವರು ನಿಂತು, ಕೈಯೆತ್ತಿ, ಕೊರಳಿನ ನರ ಉಬ್ಬುವಂತೆ ಹಾಡಿದ್ದನ್ನು ನೋಡಿದವರು ಆ ಹಾಡುಗಳನ್ನು ಕೂತು ಹಾಡಬಹುದೆಂದು ಒಪ್ಪುವುದಿಲ್ಲ. ಮೈದಾನ ದೊಡ್ಡದಾದಷ್ಟೂ ಹಾಡುವವರು ಎದ್ದು ನಿಲ್ಲಬೇಕಾಗುತ್ತದೆ. ಅದು ದೂರದವರ ಕಣ್ಣಿಗಾಗಿ. ನಡುಮನೆಯ ಸಂಗೀತ ಕೂತಿತ್ತು, ಮೈದಾನದ ಸಂಗೀತ ನಿಂತಿತು. ಇಷ್ಟೇ ಇದರ ಚರಿತ್ರೆ ಎಂದು ಮುಗಿಸಬಹುದಿತ್ತು.

ಮುಗಿಸಲಾಗದೆ ಇರುವುದಕ್ಕೆ ಕಾರಣ, ಕೂರುವುದು ನಿಲ್ಲುವುದರಲ್ಲಿ ಮರ್ಯಾದೆಯೂ ಸೇರಿಕೊಂಡಿದೆ. ನಾಗಸ್ವರದವರು ಎಷ್ಟೋ ಕಾಲ ದೇವರ ಮುಂದೆ, ಉತ್ಸವದ ಮುಂದೆ, ಮದುವೆಯ ಮೆರವಣಿಗೆಯ ಮುಂದೆ ನಿಂತೇ ನುಡಿಸಬೇಕಾಗಿತ್ತು. ಅದು ವಾದ್ಯದ ಅಗತ್ಯವಲ್ಲ, ಜಾತಿಯ ಕಟ್ಟಳೆ. ತಮಿಳುನಾಡಿನ ಟಿ.ಎನ್. ರಾಜರತ್ನಂ ಪಿಳ್ಳೆಯವರು ಹಾಡುಗಾರರ ಹಾಗೆ ತಾವೂ ವೇದಿಕೆಯ ಮೇಲೆ ಕೂತೇ ನುಡಿಸುವುದೆಂದು ಹಠ ಹಿಡಿದು ಆ ಗೌರವ ಪಡೆದರು. ಇಂದಿಗೂ ನಮ್ಮ ಮದುವೆಯ ಛತ್ರಗಳಲ್ಲಿ ವಾಲಗದವರಿಗೆ ಒಂದು ಜಮಖಾನೆ ಹಾಸಿದ್ದಾರೋ ಇಲ್ಲವೋ ಎಂದು ನೋಡಿದರೆ ಬೀಗರ ಮನೆತನ ಎಂಥದೆಂದು ಗೊತ್ತಾಗುತ್ತದೆ.

ಯಾರು ಕೂರಬಹುದು, ಯಾರು ನಿಲ್ಲಬೇಕು ಎನ್ನುವುದು ಹೆಂಗಸರಿಗಂತೂ ದಿನದ ಪ್ರಶ್ನೆ. ಸೀರೆ ಅಂಗಡಿಗೆ ಹೋದರೆ ನಾವು ಮೆತ್ತೆಯ ಮೇಲೆ ಕೂತು ಐವತ್ತು ಸೀರೆ ತೆಗೆಸುತ್ತೇವೆ. ತೆಗೆದು ತೋರಿಸುವ ಹುಡುಗಿ ಬೆಳಗಿನಿಂದ ನಿಂತೇ ಇರುತ್ತಾಳೆ. ಕೇರಳದಲ್ಲಿ ಅಂಥ ಹೆಣ್ಣುಮಕ್ಕಳೇ ಹೋರಾಡಿದರು. ಅಂಗಡಿಯಲ್ಲಿ ಕೆಲಸ ಮಾಡುವವರಿಗೆ ಕೂರಲು ಆಸನ ಕೊಡಬೇಕೆಂದು 2018ರಲ್ಲಿ ಅಲ್ಲಿಯ ಸರ್ಕಾರ ಕಾನೂನು ತಿದ್ದಿತು. 2021ರಲ್ಲಿ ತಮಿಳುನಾಡೂ ತಿದ್ದಿತು. ಕೂರುವುದಕ್ಕೂ ಕಾನೂನು ಬೇಕೇ ಎಂದು ನಮ್ಮ ಯಜಮಾನರು ಪತ್ರಿಕೆ ಓದುತ್ತಾ ನಕ್ಕರು. ಅವರು ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೂತವರು. ನಾನು ತರಗತಿಯಲ್ಲಿ ಅಷ್ಟೇ ವರ್ಷ ನಿಂತವಳು. ಕಾಲಿನ ನರ ಉಬ್ಬಿಕೊಂಡಿದೆ ಎಂದು ಡಾಕ್ಟರ ಹತ್ತಿರ ಹೋದಾಗ ಅವರು ನಾಲಗೆಯನ್ನೂ ನೋಡಲಿಲ್ಲ, ನಾಡಿಯನ್ನೂ ಹಿಡಿಯಲಿಲ್ಲ. “ಏನಮ್ಮ, ಟೀಚರಾ?” ಎಂದಷ್ಟೇ ಕೇಳಿದರು.

ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಗೆ ಹಾರ್ಮೋನಿಯಂ ಹಿಡಿಯುವವಳೂ ನಾನೇ. ನಾಡಗೀತೆಗೂ ರಾಷ್ಟ್ರಗೀತೆಗೂ ಎಲ್ಲರೂ ನಿಂತಿರುವಾಗ ನುಡಿಸುವವಳು ಕೂತಿರಲು ಸಾಧ್ಯವೇ? ಅದಕ್ಕಾಗಿ ಪೆಟ್ಟಿಗೆಯನ್ನು ಮೇಜಿನ ಮೇಲೆ ಇಡುತ್ತಾರೆ. ಬರೆಯುವುದಕ್ಕೆ ಮಾಡಿದ ಮೇಜು, ಅದರ ಮೇಲೆ ಒಂದು ಗೇಣು ಎತ್ತರದ ಪೆಟ್ಟಿಗೆ. ನಾನು ಐದಡಿಗೂ ಒಂದಿಂಚು ಕಡಿಮೆ. ಮನೆಗಳು ನನ್ನ ಎದೆಯ ಮಟ್ಟಕ್ಕೆ ಬರುತ್ತವೆ. ಭುಜ ಮೇಲೇರುತ್ತದೆ, ಮಣಿಕಟ್ಟು ಮುರಿದಂತಾಗುತ್ತದೆ, ಎಡಗೈ ಪೆಟ್ಟಿಗೆಯ ಆ ಬದಿಗೆ ಬಳಸಿ ತಿದಿ ಎಳೆಯುವಷ್ಟರಲ್ಲಿ ಕತ್ತು ಓರೆಯಾಗುತ್ತದೆ. ಕೊನೆಗೆ ನಮ್ಮ ಜವಾನರೇ ಒಂದು ಉಪಾಯ ಹುಡುಕಿದರು. ಹಳೆಯ ಕರಿಹಲಗೆಯ ಮುಂದಿದ್ದ ಮರದ ಮೆಟ್ಟಿಲನ್ನು ತಂದು ನನ್ನ ಕಾಲ ಕೆಳಗೆ ಹಾಕಿದರು. “ನೀವು ಹತ್ತಿ ನಿಂತ್ಕೊಳಿ ಮೇಡಂ, ಪೆಟ್ಗೆ ತಾನಾಗೇ ತಗ್ಗುತ್ತೆ” ಎಂದರು. ಅಂದಿನಿಂದ ಭುಜದ ನೋವು ಹೋಯಿತು. ಮೊಣಕೈಯೂ ಮನೆಗಳೂ ಒಂದೇ ಮಟ್ಟದಲ್ಲಿರಬೇಕು ಎನ್ನುವುದೇ ಇದರ ಗುಟ್ಟು. ಕೂತರೂ ಅದೇ, ನಿಂತರೂ ಅದೇ. ದೊಡ್ಡ ದೊಡ್ಡ ಪಿಯಾನೋ ಶಾಲೆಗಳಲ್ಲಿ ಹೇಳಿಕೊಡುವುದೂ ಇದನ್ನೇ.

ನಾಡಗೀತೆಯ ವಿಚಾರದಲ್ಲೂ ನಿಲ್ಲುವ ಮಾತು ಬಂದಿತ್ತು. 2004ರಲ್ಲಿ ಕುವೆಂಪು ಅವರ ಗೀತೆ ನಮ್ಮ ನಾಡಗೀತೆಯಾಯಿತು. ಯಾವ ಧಾಟಿ, ಎಷ್ಟು ಸಲ ಪುನರಾವರ್ತನೆ ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. ಮೈಸೂರು ಅನಂತಸ್ವಾಮಿಯವರ ಧಾಟಿಯೋ, ನಮ್ಮ ಅಶ್ವತ್ಥರ ಧಾಟಿಯೋ ಎಂದು ಎರಡು ಪಕ್ಷವಾಯಿತು. ಎಳೆದೆಳೆದು ಹಾಡಿದರೆ ವಯಸ್ಸಾದವರಿಗೆ ಅಷ್ಟು ಹೊತ್ತು ನಿಲ್ಲುವುದು ಕಷ್ಟ ಎಂಬ ಮಾತೂ ಆ ಚರ್ಚೆಯಲ್ಲಿತ್ತು. 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು ಒಪ್ಪಿ, ಆಲಾಪವಿಲ್ಲದೆ 2 ನಿಮಿಷ 30 ಸೆಕೆಂಡಿನಲ್ಲಿ ಮುಗಿಯಬೇಕೆಂದು ಗೊತ್ತುಮಾಡಿತು. ರಾಷ್ಟ್ರಗೀತೆಗೆ ಸುಮಾರು 52 ಸೆಕೆಂಡು. ಮೂರೂವರೆ ನಿಮಿಷಕ್ಕೆ ಸ್ವಲ್ಪ ಕಡಿಮೆ. ನಾಡಿಗೆ, ದೇಶಕ್ಕೆ ಇಷ್ಟು ಹೊತ್ತು ನಿಲ್ಲುವುದರಲ್ಲಿ ಯಾರಿಗೂ ತಕರಾರಿಲ್ಲ. ತಕರಾರು ಬರುವುದು ಮೂರೂವರೆ ಗಂಟೆಗೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ಹಾಸನದಲ್ಲಿ ಮಕ್ಕಳಿಗೆ ಕೀಬೋರ್ಡ್ ಹೇಳಿಕೊಡುತ್ತಾಳೆ, ಆರ್ಕೆಸ್ಟ್ರಾಗಳಿಗೂ ಹೋಗುತ್ತಾಳೆ. ನಾಲ್ಕು ಜನ ಗಂಡಸರ ನಡುವೆ ಒಬ್ಬಳೇ ವಾದ್ಯದ ಹುಡುಗಿ. ಒಂದು ಕಾರ್ಯಕ್ರಮಕ್ಕೆ ಹೋಗುವಾಗ ಅವಳಿಗೆ ಐದು ತಿಂಗಳು. ಒಂದು ಕುರ್ಚಿ ಬೇಕೆಂದು ಕೇಳಿದಳು. “ಅಯ್ಯೋ, ಕೂತ್ರೆ ಸ್ಟೇಜು ಸತ್ತಂಗೆ ಕಾಣುತ್ತಮ್ಮ. ನಿಂತ್ಕೊಂಡ್ರೇನೇ ಕಳೆ” ಎಂದರಂತೆ ನಡೆಸುವವರು. ಡ್ರಮ್ಸ್ ಬಾರಿಸುವ ಹುಡುಗ ಅವಳ ಪಕ್ಕದಲ್ಲೇ ಕೂತಿದ್ದ. ತಬಲಾದವರೂ ಕೂತಿದ್ದರು. ಕಳೆ ಕಟ್ಟಿಸುವ ಭಾರ ಬಿದ್ದದ್ದು ಸೀರೆ ಉಟ್ಟವಳ ಮೇಲೆ ಮಾತ್ರ.

ಕೀಬೋರ್ಡಿನ ಕೆಳಗೆ ಒಂದು ಪೆಡಲ್ ಇರುತ್ತದೆ, ನಾದ ಎಳೆದು ನಿಲ್ಲುವಂತೆ ಮಾಡುವುದಕ್ಕೆ. ಬಲಗಾಲಿನ ಹಿಮ್ಮಡಿ ನೆಲಕ್ಕೂರಿ ಮುಂಗಾಲನ್ನು ಅದರ ಮೇಲೆ ಇಟ್ಟಿರಬೇಕು. ಕೂತವರಿಗೆ ಅದು ಕಷ್ಟವೇ ಅಲ್ಲ. ನಿಂತವರಿಗೆ ಮೈಯ ಭಾರವೆಲ್ಲ ಎಡಗಾಲಿನ ಮೇಲೆ, ಒಂಟಿಕಾಲ ಕೊಕ್ಕರೆಯ ಹಾಗೆ. ಅದರ ಮೇಲೆ ಸೀರೆಯ ಅಂಚು ಪೆಡಲಿಗೆ ಸಿಕ್ಕಿಕೊಳ್ಳುತ್ತದೆ. ಬಗ್ಗಿ ಬಿಡಿಸಿಕೊಳ್ಳೋಣವೆಂದರೆ ಎರಡು ಕೈಯೂ ಬಿಡುವಿಲ್ಲ, ಸಾವಿರ ಜನ ನೋಡುತ್ತಿದ್ದಾರೆ. ಮೂರೂವರೆ ಗಂಟೆ ಹಾಗೇ ನಿಂತಳು ಹುಡುಗಿ. ರಾತ್ರಿ ಹನ್ನೊಂದೂವರೆಗೆ ಮನೆಗೆ ಬಂದವಳ ಪಾದ ಚಪ್ಪಲಿಯೊಳಗೆ ಹೋಗುತ್ತಿರಲಿಲ್ಲ ಎಂದು ಅವಳ ಅತ್ತೆಯೇ ನನ್ನ ಹತ್ತಿರ ಹೇಳಿ ಕಣ್ಣೊರೆಸಿಕೊಂಡರು. “ಬಿಟ್ಟುಬಿಡೇ ಅಂದ್ರೆ ಬಿಡಲ್ಲ ಟೀಚರ್. ಬಿಡು ಅನ್ನೋಕೆ ನಂಗೂ ಮನಸ್ಸಿಲ್ಲ, ಅಷ್ಟು ಚೆನ್ನಾಗಿ ನುಡಿಸ್ತಾಳೆ” ಎಂದರು. ಸೊಸೆಯ ವಿದ್ಯೆಯನ್ನು ಅಟ್ಟಕ್ಕೆ ಏರಿಸದ ಅತ್ತೆ! ನನ್ನ ಚಿಕ್ಕಮ್ಮಂದಿರ ಕಾಲಕ್ಕೂ ಇಂದಿಗೂ ಆದ ವ್ಯತ್ಯಾಸ ಅದೊಂದೇ ಮಾತಿನಲ್ಲಿ ಕಂಡಿತು.

ಮಗು ಹುಟ್ಟಿ ಎಂಟು ತಿಂಗಳಿಗೆ ಅವಳು ಮತ್ತೆ ಹೊರಟಳು. ಈಗ ಮಡಿಸುವ ಸ್ಟೂಲೊಂದನ್ನು ತಾನೇ ಕೊಂಡು ಸ್ಕೂಟರಿನ ಹಿಂದೆ ಕಟ್ಟಿಕೊಂಡು ಹೋಗುತ್ತಾಳೆ. ಕುಣಿಯುವ ಹಾಡು ಬಂದರೆ ಎದ್ದು ನಿಲ್ಲುತ್ತಾಳೆ, ಭಾವಗೀತೆ ಬಂದರೆ ಕೂರುತ್ತಾಳೆ. “ಕೂತಾಗ ಬೆರಳು ಮೆತ್ತಗಾಗುತ್ತೆ ಮಿಸ್, ನಿಂತಾಗ ಮೈಯೆಲ್ಲ ತಾಳ ಹಾಕುತ್ತೆ. ಎರಡೂ ಬೇಕು. ಆದ್ರೆ ಯಾವಾಗ ಅಂತ ನಾನು ಹೇಳ್ಬೇಕು, ಅವ್ರಲ್ಲ” ಎನ್ನುತ್ತಾಳೆ. ಕೂತೋ ನಿಂತೋ ಎನ್ನುವ ಪ್ರಶ್ನೆಗೆ ಇದಕ್ಕಿಂತ ಸರಿಯಾದ ಉತ್ತರ ಬಿ.ಎಡ್. ಮಾಡಿದ ನನಗೂ ಗೊತ್ತಿಲ್ಲ.

ಈಗ ಭಜನಾ ಮಂಡಳಿಗೆ ಬರೋಣ. ನಾವು ಹದಿನೆಂಟು ಜನ. ಅರವತ್ತು ದಾಟದವರು ನಾಲ್ಕೇ ಜನ, ಅವರಲ್ಲಿ ನಾನೊಬ್ಬಳು. ಪೆಟ್ಟಿಗೆ ನುಡಿಸುವವರನ್ನು ಎಲ್ಲರೂ ಅಕ್ಕ ಎನ್ನುತ್ತೇವೆ. ಅವರಿಗೆ ಅರವತ್ತೆಂಟು. ಕಳೆದ ವರ್ಷದಿಂದ ಮಂಡಿ ಹಿಡಿದುಕೊಂಡು ನೆಲದ ಮೇಲೆ ಕೂರಲಾಗದೆ ಒಂದು ದಿನ ಕುರ್ಚಿ ಕೇಳಿದರು. ಪೆಟ್ಟಿಗೆಯನ್ನು ಒಂದು ಸ್ಟೂಲಿನ ಮೇಲೆ ಇಟ್ಟುಕೊಳ್ಳುತ್ತೇನೆ ಎಂದರು. ಒಬ್ಬರು, “ದೇವರ ಮುಂದೆ ಕುರ್ಚಿಯೇ?” ಎಂದು ಮುಖ ಗಂಟಿಕ್ಕಿದರು. ಇನ್ನೊಬ್ಬರು, “ಕುಣೀಲಾರದವಳು ನೆಲ ಡೊಂಕು ಅಂದಳಂತೆ” ಎಂದು ಮೆಲ್ಲಗೆ ಅಂದರು. ಮೆಲ್ಲಗೆ ಅಂದದ್ದು ಎಲ್ಲರಿಗೂ ಕೇಳಿಸಿತು. ಅಕ್ಕ ಪೆಟ್ಟಿಗೆಯ ಮುಚ್ಚಳ ಹಾಕಿ, ಸರಿಗೆಯ ಅಂಚಿನ ಆ ಕೆಂಪು ಹೊದಿಕೆ ಹೊದಿಸಿ, “ಇನ್ನು ನೀವು ನೀವೇ ಹಾಡಿಕೊಳ್ಳಿ ತಾಯಿ” ಎಂದು ಹೊರಟುಹೋದರು.

ಎರಡು ಶುಕ್ರವಾರ ಪೆಟ್ಟಿಗೆ ಇಲ್ಲದೆ ಭಜನೆ ನಡೆಯಿತು. ಮೊದಲ ಶುಕ್ರವಾರ ಹದಿನೇಳು ಜನ ಹದಿನೇಳು ಶ್ರುತಿಯಲ್ಲಿ ಹಾಡಿದೆವು. ಎರಡನೆಯ ವಾರ ಹನ್ನೊಂದೇ ಜನ ಬಂದರು. ಬಾರದ ಆರು ಜನರನ್ನು ವಿಚಾರಿಸಿದಾಗ ಗೊತ್ತಾದದ್ದು, ಅವರೆಲ್ಲರಿಗೂ ಮಂಡಿ ನೋವೇ. ಹೇಳಿಕೊಳ್ಳಲು ನಾಚಿಕೆಯಾಗಿ ಇಷ್ಟು ದಿನ ಮಾತ್ರೆ ನುಂಗಿಕೊಂಡು ಬರುತ್ತಿದ್ದರಂತೆ. ಅಕ್ಕನಿಗೆ ಆದದ್ದು ನೋಡಿ, ನಾಳೆ ನಮಗೂ ಇದೇ ಎಂದು ನಿಂತುಬಿಟ್ಟಿದ್ದರು. ಐವತ್ತು ವರ್ಷ ಒಲೆಯ ಮುಂದೆ ನಿಂತು, ಬಟ್ಟೆ ಒಗೆಯುವ ಕಲ್ಲಿನ ಮುಂದೆ ನಿಂತು, ಮಕ್ಕಳ ಶಾಲೆಯ ಬಾಗಿಲಲ್ಲಿ ನಿಂತು ಸವೆದ ಮಂಡಿಗಳು. ವಾರದಲ್ಲಿ ಒಂದೂವರೆ ಗಂಟೆ ಹಾಡುವ ಸುಖ ಅವರಿಗಿದ್ದದ್ದು. ಅದೂ ಹೋಗುವುದಾದರೆ ಅದು ಭಕ್ತಿಯಿಂದಲ್ಲ, ಹಟದಿಂದ.

ಮೂರನೆಯ ವಾರದ ಸಭೆಯಲ್ಲಿ ಒಂದು ತಾಸು ಮಾತು ನಡೆಯಿತು. ನಾನು ಹೇಳಿದ್ದು ಇಷ್ಟು. ಶ್ರವಣಬೆಳಗೊಳಕ್ಕೆ ನಾವೆಲ್ಲ ಹೋಗಿದ್ದೇವೆ. ಬಾಹುಬಲಿ ಬೆಟ್ಟದ ಮೇಲೆ ಸಾವಿರ ವರ್ಷದಿಂದ ನಿಂತಿದ್ದಾನೆ. ಅಲ್ಲೇ ಬಸದಿಗಳಲ್ಲಿ ತೀರ್ಥಂಕರರು ಕೂತಿದ್ದಾರೆ. ನಿಂತವನಿಗೆ ಹೆಚ್ಚು ಪುಣ್ಯ, ಕೂತವರಿಗೆ ಕಡಿಮೆ ಎಂದು ಜೈನರು ಹೇಳುವುದಿಲ್ಲ, ಎರಡೂ ಧ್ಯಾನದ ಭಂಗಿಯೇ. ನಮ್ಮ ಹಾಸನಾಂಬೆಯಂತೂ ಕೂತೂ ಇಲ್ಲ, ನಿಂತೂ ಇಲ್ಲ, ಹುತ್ತದ ರೂಪದಲ್ಲಿದ್ದಾಳೆ. ವರ್ಷಕ್ಕೊಮ್ಮೆ ಆಶ್ವಯುಜದಲ್ಲಿ ಬಾಗಿಲು ತೆರೆದಾಗ ಗಂಟೆಗಟ್ಟಲೆ ನಿಲ್ಲುವವರು ನಾವು. ಅಷ್ಟು ನಿಂತಿದ್ದೇವಲ್ಲ, ಭಜನೆಗಾದರೂ ಕೂರೋಣ.

ನನ್ನ ಭಾಷಣಕ್ಕೆ ಯಾರೂ ಕರಗಲಿಲ್ಲ, ಮೇಷ್ಟ್ರಮ್ಮ ಪಾಠ ಶುರು ಮಾಡಿದಳು ಎಂದುಕೊಂಡರು. ಕೆಲಸ ಮಾಡಿದ್ದು ನಮ್ಮ ನಡುವಿನ ಅತ್ಯಂತ ಹಿರಿಯರಾದ ಎಂಬತ್ತೆರಡರ ಅಜ್ಜಿಯ ಮಾತು. “ದೇವ್ರೇ ಪೀಠದ ಮೇಲೆ ಕೂತವ್ನೆ ಕಣ್ರವ್ವ. ಅವ್ನಿಗಿಂತ ಎತ್ತರಕ್ಕೆ ಕೂರ್ಬೇಡಿ, ಅಷ್ಟು ಸಾಕು” ಎಂದರು. ತಕ್ಷಣ ಮಾತು ಧರ್ಮದಿಂದ ಬಡಗಿಯ ಲೆಕ್ಕಕ್ಕೆ ಇಳಿಯಿತು. ಪಟಗಳ ಮಣೆಯನ್ನು ಒಂದಡಿ ಎತ್ತರಿಸುವುದು, ಎಲ್ಲರಿಗೂ ಕೈಯಿಲ್ಲದ ಗಿಡ್ಡ ಕುರ್ಚಿಗಳು, ಆಗುವವರು ನೆಲದ ಮೇಲೆ. ಕೈಯಿರುವ ಪ್ಲಾಸ್ಟಿಕ್ ಕುರ್ಚಿ ಪೆಟ್ಟಿಗೆಯವರಿಗೆ ಆಗುವುದಿಲ್ಲ, ಮೊಣಕೈ ತಗುಲುತ್ತದೆ ಎಂದು ನಾನು ಒತ್ತಿ ಹೇಳಿದೆ. ನಮ್ಮ ಜವಾನರ ಸೂತ್ರದಂತೆ ಮೊಣಕೈ ಮಟ್ಟಕ್ಕೆ ಸ್ಟೂಲು ಕೊಯ್ಯಿಸಿದೆವು.

ಅಕ್ಕನನ್ನು ಕರೆಯಲು ಹೋದವರು, ನೆಲ ಡೊಂಕೆಂದು ಗಾದೆ ಹೇಳಿದವರೇ. ಹೋದವರು ಏನು ಹೇಳಿದರೋ ಕೇಳಿಲ್ಲ, ಬರುವಾಗ ಪೆಟ್ಟಿಗೆಯ ಒಂದು ಹಿಡಿ ಅಕ್ಕನ ಕೈಯಲ್ಲಿತ್ತು, ಇನ್ನೊಂದು ಇವರ ಕೈಯಲ್ಲಿತ್ತು. ಅಕ್ಕ ಕುರ್ಚಿಯ ತುದಿಯಲ್ಲಿ ಕೂತು, ಎರಡು ಪಾದವನ್ನೂ ನೆಲಕ್ಕೂರಿ, ತಿದಿಯನ್ನು ಒಮ್ಮೆ ಮೆಲ್ಲಗೆ ಎಳೆದು ಶ್ರುತಿ ಹಿಡಿದರು. ಹದಿನೇಳು ಗಂಟಲುಗಳು ಒಂದೊಂದಾಗಿ ಬಂದು ಅದರ ಮೇಲೆ ನಿಂತವು. ಈ ಧನುರ್ಮಾಸಕ್ಕೆ ಇನ್ನೂ ಆರು ಕುರ್ಚಿ ಬೇಕಾಗಿವೆ. ಹೊಸಬರು ಸೇರುತ್ತಿ​ದ್ದಾರೆ.